ಮೊಣಕಾಲು ಊರಿದವನು ಟೀ ಕುಡಿಸಬೇಕು

ನಮ್ಮ ಹಮಾಲರ ಗ್ಯಾಂಗಿನಲ್ಲಿ ಇದ್ದದ್ದು ಒಂದೇ ಕಾನೂನು. ಬೆನ್ನ ಮೇಲೆ ಚೀಲ ಬಿದ್ದ ಮೇಲೆ, ಲಾರಿಯಿಂದ ಗೋದಾಮಿಗೆ ನಡೆಯುವಾಗ ಯಾರಾದರೂ ನೆಲಕ್ಕೆ ಮೊಣಕಾಲು ಊರಿದರೆ, ಅವತ್ತು ಗ್ಯಾಂಗಿಗೆಲ್ಲ ಅವನೇ ಟೀ ಕುಡಿಸಬೇಕು. ಟೀ ದೊಡ್ಡದಲ್ಲ, ಕುಡಿಯುವಾಗ ಎಲ್ಲರೂ ಅವನ ಮುಖ ನೋಡಿ ನಗುತ್ತಿದ್ದರಲ್ಲ, ಅದು ದೊಡ್ಡದು. ನಮ್ಮೂರು ಚನ್ನಗಿರಿಯಲ್ಲಿ ಅಡಿಕೆ ಹೊತ್ತಿದ್ದೇನೆ, ಹೊನ್ನಾಳಿಯ ರೈಸ್‌ಮಿಲ್ಲಿನಲ್ಲಿ ಭತ್ತ ಹೊತ್ತಿದ್ದೇನೆ, ಸುಗ್ಗಿಯಲ್ಲಿ ಜಗಳೂರಿಗೆ ಹೋಗಿ ಮೆಕ್ಕೆಜೋಳ ಹೊತ್ತಿದ್ದೇನೆ. ಮಳೆಯಲ್ಲಿ ಜಾರಿದ್ದೇನೆ, ಜ್ವರದಲ್ಲಿ ತೂರಾಡಿದ್ದೇನೆ. ಟೀ ಮಾತ್ರ ಒಂದು ಸಲವೂ ಕುಡಿಸಿಲ್ಲ. ಈ ಓಬಣ್ಣನ ಮೊಣಕಾಲು ನೆಲ ಮುಟ್ಟಿದ್ದನ್ನು ಕಂಡವನು ಇನ್ನೂ ಹುಟ್ಟಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಎಪ್ಪತ್ತು ದಾಟಿ, ಚೀಲ ಬಿಟ್ಟು ಮನೆಯಲ್ಲಿ ಕೂತ ಮೇಲೂ ಹೇಳುತ್ತಿದ್ದೆ.

ಅಂಥವನ ಹೆಂಡತಿ ಗಿಡ್ಡಮ್ಮ ಮಾಘದ ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಳು. ಮಗ ತಿಪ್ಪೇರುದ್ರ ಗೂಡ್ಸ್ ಗಾಡಿ ತೆಗೆದುಕೊಂಡು ಉಬ್ರಾಣಿ ಕಡೆ ಬಾಡಿಗೆಗೆ ಹೋಗಿದ್ದ. ಸೊಸೆ ಮೇಘಶ್ರೀ ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆಯವಳು, ಅವಳೂ ಹೊರಟಾಗಿತ್ತು. ಮನೆಯಲ್ಲಿ ನಾವಿಬ್ಬರೇ. ದಬ್ ಎಂದು ಸದ್ದು ಕೇಳಿ ಓಡಿದರೆ ಇವಳು ಒಂದು ಮಗ್ಗುಲಾಗಿ ಬಿದ್ದಿದ್ದಾಳೆ, ಮೈಮೇಲೆ ಒದ್ದೆ ಸೀರೆ, ತಂಬಿಗೆ ಉರುಳಿ ಬಾಗಿಲ ತನಕ ಬಂದಿದೆ.

"ಏನ್ರೀ, ಎತ್ರೀ ನನ್ನ," ಎಂದಳು.

ಬಗ್ಗಿ ತೋಳು ಹಿಡಿದು ಎಳೆದೆ. ಅಯ್ಯಯ್ಯೋ ಎಂದು ಕಿರುಚಿದಳು. ಕಂಕುಳಿಗೆ ಕೈ ಹಾಕಿದೆ, ನನ್ನ ನಡು ಹಿಡಿದುಕೊಂಡಿತು. ಹೆಸರಿಗೆ ತಕ್ಕ ಹಾಗೆ ಗಿಡ್ಡ ಹೆಂಗಸು, ಒಂದು ಚೀಲ ಮೆಕ್ಕೆಜೋಳದಷ್ಟೂ ತೂಕವಿಲ್ಲ. ಇವಳಂಥ ಇಬ್ಬರನ್ನು ಬೆನ್ನ ಮೇಲೆ ಹಾಕಿದ್ದರೂ ಬೀಡಿ ಸೇದುತ್ತ ನಡೆಯುತ್ತಿದ್ದ ಮನುಷ್ಯ ನಾನು. ಅವತ್ತು ನೆಲದಿಂದ ಒಂದು ಗೇಣು ಮೇಲೆ ತರಲಾಗಲಿಲ್ಲ. ಮತ್ತೆ ಹಿಡಿದೆ, ಮತ್ತೆ ಬಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡು, "ಟವೆಲ್ಲಾದ್ರೂ ಹೊಚ್ರಿ, ಚಳಿ ಆಗ್ತೈತೆ," ಎಂದಳು. ಟವೆಲ್ಲು ಹೊದಿಸಿ ಹಿತ್ತಲಿಗೆ ಬಂದು ಗೋಡೆಯಾಚೆಗೆ ಕೂಗು ಹಾಕಿದೆ.

ಬಂದವನು ಯಾರು ಅಂತೀರಿ? ಜಂಪಣ್ಣ! ನಮ್ಮ ಗ್ಯಾಂಗಿನವನೇ, ನನಗಿಂತ ಎರಡು ವರ್ಷ ದೊಡ್ಡವನು, ಒಣಗಿದ ನುಗ್ಗೆಕಾಯಿಯಂಥ ಆಸಾಮಿ. ಅವನ ಹಿಂದೆ ಪಕ್ಕದ ಮನೆಯ ಗಾದ್ರಮ್ಮ. ಜಂಪಣ್ಣ ಕಾಲು ಅಗಲಿಸಿದ, ಕುಕ್ಕರಗಾಲಲ್ಲಿ ಕೂತ, "ತಂಗ್ಯವ್ವ, ನನ್ನ ಕೊರಳು ಹಿಡ್ಕಾ" ಎಂದ, ಎದ್ದ. ಅವನ ಜೊತೆಗೆ ಇವಳೂ ಮೇಲೆ ಬಂದಳು. ಅಷ್ಟೇ. ನನಗೆ ಬಂದ ಸಿಟ್ಟು ಯಾರ ಮೇಲಿನದೋ ಗೊತ್ತಾಗಲಿಲ್ಲ, ಜಂಪಣ್ಣ ಎದುರಿಗಿದ್ದ, ಅವನ ಮೇಲೇ ತೋರಿಸಿದೆ.

"ಏನ್ ನೋಡ್ತೀಯ? ಬಚ್ಚಲು ಜಾರ್ತೈತೆ, ಹೊರಗೆ ನಡಿ," ಎಂದು ರೇಗಿದೆ.

ಮೂಳೆ ಮುರಿದಿರಲಿಲ್ಲ, ಸದ್ಯ. ಸೊಂಟದ ಮೇಲೆ ಬದನೆಕಾಯಿ ಬಣ್ಣದ ಕಲೆಯೊಂದು ಎದ್ದಿತ್ತು. ಆದರೆ ಸುದ್ದಿ ಜಗಳೂರಿಗೆ ಮುಟ್ಟಿತು, ಮಾರನೇ ದಿನವೇ ಮಗಳು ಲಕ್ಷ್ಮೀದೇವಿ ಬಂದಿಳಿದಳು. ಅಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಬಟ್ಟೆ ಕತ್ತರಿಸುವಂತೆಯೇ ಮಾತನ್ನೂ ಕತ್ತರಿಸುತ್ತಾಳೆ. ಆ ಬುದ್ಧಿ ಎಲ್ಲಿಂದ ಬಂತು ಎಂದು ಕೇಳಬೇಡಿ, ನನ್ನದೇ.

"ಅಪ್ಪಾ, ಅವ್ವನ್ನ ನಾನು ಕರ್ಕಂಡು ಹೋಗ್ತೀನಿ. ಹಗಲೊತ್ತು ಇಲ್ಲಿ ನೀವಿಬ್ರೇ. ಮತ್ತೆ ಬಿದ್ರೆ ಎತ್ತೋರು ಯಾರು?"

"ನಾನೇನು ಸತ್ತಿದೀನಾ?"

"ಎತ್ತಾಕೆ ಆಯ್ತಾ ನಿನಗೆ?"

ಹೆತ್ತ ಮಗಳು ಹೀಗೆ ಕೇಳಿದರೆ ಏನು ಹೇಳುವುದು! ಬಾಯಿಗೆ ಬಂದದ್ದನ್ನು ನುಂಗಿ, "ಎಷ್ಟು ದಿನಕ್ಕೆ ಕರ್ಕಂಡು ಹೋಗ್ತೀಯ?" ಎಂದೆ.

"ದಿನದ ಲೆಕ್ಕ ಯಾಕೆ? ಇನ್ಮೇಲೆ ಅಲ್ಲೇ ಇರ್ಲಿ. ಅಂಗಡಿ ಮನೆಯೊಳಗೇ ಐತೆ, ನನ್ನ ಕಣ್ಮುಂದೆ ಇರ್ತಾಳೆ."

ನಾನು ಗಿಡ್ಡಿಯ ಮುಖ ನೋಡಿದೆ. 'ನಾನೆಲ್ಲಿಗೂ ಬರಲ್ಲ ಕಣೆ' ಎಂದು ಬಾಯಿಬಿಟ್ಟು ಹೇಳುತ್ತಾಳೆ ಎಂದು ಕಾದೆ. ಅವಳು ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ನೋಡುತ್ತ ಕೂತಿದ್ದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಜಗಳೂರಿಗೆ ನಾನೂ ಹೋಗಬಹುದಿತ್ತಲ್ಲ ಅಂತೀರಿ. ಎರಡು ಕೋಣೆಯ ಮನೆ, ಅದರಲ್ಲೊಂದು ಅಂಗಡಿ. ಅಳಿಯನ ಎದುರಿಗೆ ದಿನವಿಡೀ ಕಾಲು ಚಾಚಿಕೊಂಡು ಕೂರುವವನಲ್ಲ ನಾನು. ಇಲ್ಲಿ ಮಗ ಸೊಸೆ ಇದ್ದಾರೆ, ಊಟಕ್ಕೆ ತೊಂದರೆಯಿಲ್ಲ. ಆದರೆ ಗಿಡ್ಡಿ ಇಲ್ಲದಿದ್ದರೆ ನಾನು ಯಾರ ಮೇಲೆ ರೇಗಲಿ? 'ಸಾಕು ಬಿಡ್ರಿ, ಬಾಯಿ ನೋವಾಗ್ತೈತೆ' ಎಂದು ಯಾರು ಹೇಳಬೇಕು? ಹೆದರಿಕೆಯಾಯಿತು ನನಗೆ. ಗೋದಾಮಿನಲ್ಲಿ ಚೀಲದ ರಾಶಿ ಕುಸಿದು ಕೆಳಗೆ ಸಿಕ್ಕಿಬಿದ್ದಾಗಲೂ ಅಷ್ಟು ಹೆದರಿರಲಿಲ್ಲ.

"ಯುಗಾದಿ ಕಳೀಲಿ," ಎಂದೆ. "ಅಷ್ಟರಲ್ಲಿ ನಾನು ಎತ್ತಿ ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ಕರ್ಕಂಡು ಹೋಗು."

"ಆಯ್ತು. ಯುಗಾದಿ ಆದ ಮ್ಯಾಲೆ ಬರ್ತೀನಿ," ಎಂದು ಅವಳು ಬಸ್ಸು ಹತ್ತಿದಳು.

ಅವತ್ತಿನಿಂದ ನಾನು ಕಾಲು ಸುಟ್ಟ ಬೆಕ್ಕಾದೆ. ಮನೆಯಲ್ಲಿ ಕೂತರೆ ಇವಳು ಬಚ್ಚಲಿಗೆ ಹೋದಾಗೆಲ್ಲ ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದೆ. "ಯಾಕ್ರೀ ಕೆಮ್ತೀರ, ಕಷಾಯ ಕುಡೀರಿ," ಎನ್ನುತ್ತಿದ್ದಳು. ಹೊರಗೆ ಹೋದರೆ ಮನೆಯಲ್ಲಿ ಬಿದ್ದಳೋ ಏನೋ ಎಂದು ಅರ್ಧ ದಾರಿಯಿಂದ ವಾಪಸ್ ಬರುತ್ತಿದ್ದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಸುಮ್ಮನೆ ಬೋರ್ಡು ಓದುತ್ತಿದ್ದೆ. ಹೊನ್ನಾಳಿ, ನ್ಯಾಮತಿ, ದಾವಣಗೆರೆ. ದಾವಣಗೆರೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರೆ ಜಗಳೂರು. ಆ ಬಸ್ಸು ಕಂಡರೆ ಮೈ ಉರಿಯುತ್ತಿತ್ತು. ಪಾಪ, ಬಸ್ಸು ಏನು ಮಾಡಿತ್ತು!

ಒಂದು ದಿನ ಟೀ ಅಂಗಡಿಯಲ್ಲಿ ಜಂಪಣ್ಣ ಸಿಕ್ಕಿದ. ಮುಖ ತಿರುಗಿಸಿದೆ. ಅವನು ಬಿಡಬೇಕಲ್ಲ.

"ಲೇ ಓಬ, ನಿನಗೆ ಯಾಕೆ ಎತ್ತಾಕೆ ಆಗ್ಲಿಲ್ಲ ಗೊತ್ತೇನು? ನೀನು ಹೊತ್ತೋನು. ಎತ್ತಿದೋನಲ್ಲ."

"ಏನು ಹಂಗಂದ್ರೆ?"

"ಯೋಚ್ನೆ ಮಾಡು. ನಿನ್ನ ಬೆನ್ನ ಮ್ಯಾಲೆ ಚೀಲ ಇಟ್ಟೋರು ಯಾರು? ನಾನು, ಕೆಂಚೇಶ. ನೀನು ಬೆನ್ನು ಕೊಟ್ಟು ನಿಂತ್ಕಂತಿದ್ದೆ, ನಾವು ನೆಲದಿಂದ ಎತ್ತಿ ಹಾಕ್ತಿದ್ವಿ. ಜನ್ಮದಾಗೆ ನೀನು ನೆಲದಿಂದ ಒಂದು ಚೀಲ ಎತ್ತಿದೀಯ?"

ಟೀ ಲೋಟ ಕೈಯಲ್ಲೇ ಉಳಿಯಿತು. ಗ್ಯಾಂಗಿನ ಪದ್ಧತಿಯೇ ಅದು. ಎತ್ತಿಕೊಡುವವರಿಬ್ಬರು, ಹೊರುವವರು ಉಳಿದವರು. ಹೊರುವವನು ಹೆಚ್ಚಿನವನು ಎಂದು ನಮ್ಮ ಲೆಕ್ಕ. ಎತ್ತಿಕೊಡುವವರು ದಿನವೆಲ್ಲ ಬಗ್ಗಿ ಬಗ್ಗಿ ಎದ್ದು ಲಾರಿ ಹತ್ತಿರವೇ ಉಳಿಯುತ್ತಿದ್ದರು, ಅವರನ್ನು ನಾವು ಕಪ್ಪೆ ಎಂದು ಕರೆದು ನಗುತ್ತಿದ್ದೆವು. ಈಗ ಕಪ್ಪೆ ನನ್ನ ಹೆಂಡತಿಯನ್ನು ಎತ್ತಿತ್ತು.

"ಅಂಬೇಡ್ಕರ್ ಭವನಕ್ಕೆ ಬಾ," ಎಂದ ಜಂಪಣ್ಣ. "ವಯಸ್ಸಾದೋರಿಗೆ ಶಕ್ತಿ ಬರೋ ಹಂಗೆ ವ್ಯಾಯಾಮ ಹೇಳ್ಕೊಡ್ತಾರೆ. ಒಂದಿನ ಬಿಟ್ಟು ಒಂದಿನ. ನಾನೂ ಹೋಗ್ತೀನಿ, ಟೈಂ ಪಾಸು."

ಬೇರೆ ದಿನವಾಗಿದ್ದರೆ ಬೈದು ಕಳಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಅವನಿಗಿಂತ ಮೊದಲು ಭವನದ ಬಾಗಿಲಲ್ಲಿ ನಿಂತಿದ್ದೆ.

ಹೇಳಿಕೊಡುವವಳು ಸಂಘಮಿತ್ರಾ ಎಂಬ ಹುಡುಗಿ. ಕೆರೆಬಿಳಚಿಯವಳು, ಫಿಸಿಯೋಥೆರಪಿ ಓದಿದ್ದಾಳೆ. ಅವಳಪ್ಪ ಬುದ್ಧನ ದೀಕ್ಷೆ ತೆಗೆದುಕೊಂಡ ವರ್ಷ ಹುಟ್ಟಿದಳಂತೆ, ಅದಕ್ಕೇ ಆ ಹೆಸರು. ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮುದುಕ ಮುದುಕಿಯರು ನೀರು ತುಂಬಿದ ಬಾಟಲಿ ಎತ್ತಿ ಇಳಿಸುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ.

"ಏನ್ ತಾಯಿ, ಇದೇನಾ ಶಕ್ತಿ? ನಾನು ಹಮಾಲ. ಲಾರಿ ಖಾಲಿ ಮಾಡಿದೋನು."

"ಹೌದಾ ಅಜ್ಜ? ಹಂಗಾದ್ರೆ ಈ ಕುರ್ಚಿ ಮ್ಯಾಲೆ ಕುತ್ಕಂಡು, ಕೈ ಊರದಂಗೆ ಏಳ್ರಿ ನೋಡಾಣ. ಎದ್ದು, ಮತ್ತೆ ಕುತ್ಕಂಡು, ಮತ್ತೆ ಏಳ್ರಿ. ನಿಧಾನಕ್ಕೆ."

ಕೂತೆ, ಎದ್ದೆ. ಇದೇನು ಮಹಾ! ಮತ್ತೆ ಕೂತೆ. ಮೂರನೆಯ ಸಲಕ್ಕೆ ತೊಡೆ ಗಡಗಡ ನಡುಗತೊಡಗಿತು. ನಾಲ್ಕನೆಯದಕ್ಕೆ ಕೈ ತಾನಾಗಿಯೇ ಕುರ್ಚಿ ಹಿಡಿಯಿತು. ಪಕ್ಕದಲ್ಲಿ ಗಾದ್ರಮ್ಮ ಎಲೆಯಡಿಕೆ ಮೆಲ್ಲುತ್ತ ಎದ್ದು ಕೂತು ಮಾಡುತ್ತಲೇ ಇದ್ದಳು.

"ಬೇಜಾರಾಗ್ಬ್ಯಾಡ್ರಿ," ಎಂದಳು ಸಂಘಮಿತ್ರಾ. "ವಯಸ್ಸಾದಂಗೆಲ್ಲ ಮಾಂಸಖಂಡ ಕರಗ್ತೈತೆ. ಸುಮ್ನೆ ಕುಂತ್ರೆ ಇನ್ನೂ ಬೇಗ. ಆದ್ರೆ ಭಾರ ಕೊಟ್ರೆ ಈ ವಯಸ್ಸಿಗೂ ಬೆಳೀತೈತೆ. ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ಬೇಕು, ನಡುವೆ ಒಂದಿನ ಬಿಡ್ಬೇಕು, ಬ್ಯಾಳೆ ಮೊಟ್ಟೆ ಸರಿಯಾಗಿ ತಿನ್ಬೇಕು."

ಮೊಟ್ಟೆಯ ಮಾತು ನನಗೆ ಹಿಡಿಸಿತು. ಉಳಿದದ್ದಕ್ಕೂ ಹಲ್ಲು ಕಚ್ಚಿ ನಿಂತೆ. ಬಾಟಲಿ ಎತ್ತಿದೆ, ಗೋಡೆಗೆ ಕೈ ಕೊಟ್ಟು ತಳ್ಳಿದೆ, ಆಮೇಲೆ ಮರಳಿನ ಸಣ್ಣ ಚೀಲ ಹಿಡಿದೆ. ನಡು ಬಗ್ಗಿಸದೆ ತೊಡೆಯಿಂದ ಹೇಗೆ ಎತ್ತಬೇಕು, ಭಾರವನ್ನು ಹೇಗೆ ಹೊಟ್ಟೆಗೆ ಹತ್ತಿರ ಇಟ್ಟುಕೊಳ್ಳಬೇಕು, ಎಲ್ಲ ಕಲಿತೆ. ಬಿಡುವು ಕೊಡಬೇಕು ಎಂದ ದಿನವೂ ಮೈ ಕೇಳುತ್ತಿರಲಿಲ್ಲ, ಮನೆಯ ಮುಂದೆ ಶತಪಥ ಹಾಕುತ್ತಿದ್ದೆ. ಯುಗಾದಿ ಹತ್ತಿರ ಬರುತ್ತಿತ್ತು.

ಆದರೆ ಒಂದು ವ್ಯಾಯಾಮ ಮಾತ್ರ ನಾನು ಮುಟ್ಟಲಿಲ್ಲ. ಜಮಖಾನದ ಮೇಲೆ ಮಲಗಬೇಕು. ಮಗ್ಗುಲಾಗಿ ಹೊರಳಬೇಕು. ಮೊಣಕೈ ಊರಿ, ಅಂಗೈ ಊರಿ, ಅಂಬೆಗಾಲಿಗೆ ಬರಬೇಕು. ಆಮೇಲೆ ಒಂದು ಮೊಣಕಾಲು ನೆಲದಲ್ಲಿಟ್ಟು, ಇನ್ನೊಂದು ಪಾದ ಮುಂದಿಟ್ಟು, ಕುರ್ಚಿ ಹಿಡಿದು ಮೇಲೇಳಬೇಕು. ಬಿದ್ದರೆ ಏಳುವ ದಾರಿ ಅಂತೆ.

"ಇದು ನನಗೆ ಬ್ಯಾಡ," ಎಂದೆ.

"ಯಾಕಜ್ಜ, ಮೊಣಕಾಲು ನೋವಾ?"

"ನೋವಲ್ಲ, ಮರ್ಯಾದೆ."

ಜಂಪಣ್ಣ ಭವನವೆಲ್ಲ ಕೇಳುವಂತೆ ನಕ್ಕು, ನಮ್ಮ ಗ್ಯಾಂಗಿನ ಟೀ ಕಾನೂನನ್ನು ಎಲ್ಲರಿಗೂ ವಿವರಿಸಿದ. ಸಂಘಮಿತ್ರಾ ಬಾಯಿಗೆ ಕೈ ಅಡ್ಡ ಹಿಡಿದಳು. "ಆಯ್ತಜ್ಜ, ಬ್ಯಾಡ ಬಿಡ್ರಿ. ಮನಸ್ಸು ಬಂದಾಗ ಮಾಡ್ರಿ," ಎಂದಳು. ನನಗೇಕೆ ಮನಸ್ಸು ಬರಬೇಕು? ಬೀಳುವವಳು ಅವಳು, ಎತ್ತುವವನು ನಾನು.

ಸ್ವಲ್ಪ ದಿನಕ್ಕೆ ಗಾದ್ರಮ್ಮ ಗಿಡ್ಡಿಯನ್ನೂ ಕರೆತಂದಳು. ಮೊದಲು ಗೋಡೆಗೊರಗಿ ಕೂತು, ಸೆರಗು ಬಾಯಿಗಿಟ್ಟುಕೊಂಡು ನಮ್ಮನ್ನೆಲ್ಲ ನೋಡಿ ನಕ್ಕಳು. ಆಮೇಲೆ ಕುರ್ಚಿಗೆ ಬಂದಳು. ಆಮೇಲೆ ಬಾಟಲಿ. ಒಂದು ದಿನ ಜಮಖಾನದ ಸರದಿ ಬಂತು. ಕೆಳಗೆ ಕೂರುವಾಗಲೇ ಅವಳ ಗಲ್ಲ ನಡುಗುತ್ತಿತ್ತು. ಅಂಬೆಗಾಲಿಗೆ ಬಂದು ಅಲ್ಲೇ ನಿಂತು ಅಳತೊಡಗಿದಳು. ನಾನು ಓಡಿದೆ.

"ಅಜ್ಜ, ಅಲ್ಲೇ ನಿಲ್ರಿ. ಕೈ ಹಿಂದಕ್ಕೆ," ಎಂದು ಸಂಘಮಿತ್ರಾ ಗದರಿದಳು.

"ಅಳ್ತಾ ಇದಾಳೆ, ಕಣ್ಣು ಕಾಣಲ್ವಾ?"

"ಅಳ್ಲಿ. ಅಳ್ತಾ ಏಳ್ತಾರೆ."

ಅವತ್ತು ಏಳಲಿಲ್ಲ, ಗಾದ್ರಮ್ಮ ಕೈಕೊಟ್ಟಳು. ಮನೆಗೆ ಬರುವ ದಾರಿಯಲ್ಲಿ, ಇನ್ನು ಅಲ್ಲಿಗೆ ಬರಬೇಡ ಎಂದೆ. ಮುಂದಿನ ಸಲ ನನಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

ನಾನು ನನ್ನ ದಾರಿ ಹುಡುಕಿಕೊಂಡೆ. ಹಳೆಯ ಗೋಣಿಚೀಲಕ್ಕೆ ಮರಳು ತುಂಬಿಸಿ, ಗುಜರಿಯವನ ತಕ್ಕಡಿಗೆ ಹಾಕಿ, ಸರಿಯಾಗಿ ಗಿಡ್ಡಿಯ ತೂಕಕ್ಕೆ ತಂದು ಹಿತ್ತಲಲ್ಲಿಟ್ಟೆ. ಮೊದಮೊದಲು ಅದು ನೆಲ ಬಿಡಲಿಲ್ಲ. ಆಮೇಲೆ ಮೊಣಕಾಲಿನ ತನಕ ಬಂತು. ಒಂದು ದಿನ, ಬೇವು ಚಿಗುರಿ ಹೂವು ಬಿಟ್ಟಿದ್ದ ಹೊತ್ತು, ತೊಡೆ ಬಿಗಿ ಮಾಡಿ ಎದ್ದೆ ನೋಡಿ, ಚೀಲ ಎದೆಗೆ ಬಂತು! ಅಪ್ಪಿಕೊಂಡು ನಿಂತೆ. ಹುಚ್ಚನ ಹಾಗೆ ಒಬ್ಬನೇ ನಕ್ಕೆ. ಬಾರೇ ಲಕ್ಷ್ಮೀ, ಈಗ ಬಾ, ಎಂದು ಜಗಳೂರಿನ ದಿಕ್ಕಿಗೆ ಕೂಗಿದೆ.

ಓಡಿ ಒಳಗೆ ಹೋಗಿ, "ಲೇ ಗಿಡ್ಡಿ, ನೆಲದ ಮ್ಯಾಲೆ ಮಲಗು," ಎಂದೆ.

ಅವಳು ಅಕ್ಕಿ ಆರಿಸುತ್ತಿದ್ದಳು. "ಯಾಕೆ?"

"ಮಲಗು ಅಂದ್ರೆ ಮಲಗು. ಎತ್ತಿ ನೋಡ್ತೀನಿ."

ಮೊರ ಪಕ್ಕಕ್ಕಿಟ್ಟಳು. "ನಾನೇನು ಮೆಕ್ಕೆಜೋಳದ ಚೀಲನಾ?"

"ನಿನ್ನ ಉಳಿಸ್ಕಳ್ಳಾಕೆ ಅಲ್ವೇನೇ ಇಷ್ಟೆಲ್ಲ ಮಾಡ್ತಿರೋದು! ನಾನು ಎತ್ತಲಿಲ್ಲ ಅಂದ್ರೆ ನೀನು ಜಗಳೂರಿಗೆ ಹೋಗ್ತೀಯ. ಅವತ್ತು ಅವಳು ಕೇಳಿದಾಗ ಹೋಗಲ್ಲ ಅಂದ್ಯಾ? ಬಾಯಿ ಬಿದ್ದು ಹೋಗಿತ್ತಾ ನಿನಗೆ?"

ಅಷ್ಟು ದಿನ ಒಳಗೆ ಕುದಿದದ್ದು ಹೊರಗೆ ಬಂತು. ಅವಳು ಕೈಗಂಟಿದ ಅಕ್ಕಿ ನುಚ್ಚು ಕೊಡವಿದಳು.

"ಅವತ್ತು ಬಚ್ಚಲಾಗೆ ಬಿದ್ದಾಗ ನಿಮ್ಮ ಮುಖ ನೋಡ್ದೆ," ಎಂದಳು. "ಮಗು ಕಳ್ಕಂಡೋರ ಮುಖ ಇದ್ದಂಗಿತ್ತು. ನನಗೆ ಸೊಂಟದ ನೋವೇ ಮರ್ತೋಯ್ತು. ದಿನಾ ಬಚ್ಚಲ ಬಾಗಿಲಾಗೆ ನಿಂತು ಕೆಮ್ತೀರ. ಗೊತ್ತಾಗಲ್ವಾ ನನಗೆ? ನಾನು ಇಲ್ಲಿದ್ರೆ ನೀವು ಹೆದ್ರಿ ಹೆದ್ರಿ ಸಾಯ್ತೀರ ಅಂತ ಸುಮ್ನಿದ್ದೆ. ನನಗೆ ಜಗಳೂರು ಬೇಕಾಗಿತ್ತು ಅಂದ್ಕಂಡ್ರಾ?"

ಕುರ್ಚಿ ಎಳೆದುಕೊಂಡು ಅವಳೆದುರು ಕೂತೆ.

"ನೀವು ಎತ್ತೋದು ಬ್ಯಾಡ ನನಗೆ. ನಾನು ಏಳ್ಬೇಕು. ಅಷ್ಟೇ," ಎಂದು ಮತ್ತೆ ಮೊರ ಎಳೆದುಕೊಂಡಳು.

ಸಂತೋಷವೂ ಆಯಿತು, ಸಂಕಟವೂ ಆಯಿತು. ಆದರೆ ಇಷ್ಟು ದಿನ ಬೆವರು ಸುರಿಸಿ ಎತ್ತಿದ ಚೀಲ ಹಾಗಾದರೆ ಯಾತಕ್ಕೆ? ಹಿತ್ತಲಿಗೆ ಹೋಗಿ ಅದನ್ನೊಮ್ಮೆ ಒದ್ದೆ. ಕಾಲ್ಬೆರಳು ನೋವಾಯಿತು.

ಯುಗಾದಿ ಮುಗಿಯಿತು. ಬೇವು ಬೆಲ್ಲ ತಿಂದದ್ದಾಯಿತು, ಹೋಳಿಗೆ ಖಾಲಿಯಾಯಿತು. ಸೋಮವಾರ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಲಕ್ಷ್ಮೀದೇವಿ ಬಂದಳು. ಕೈಯಲ್ಲಿ ಖಾಲಿ ಬ್ಯಾಗು. ಆ ಖಾಲಿ ಬ್ಯಾಗು ಅವ್ವನ ಸೀರೆಗಳಿಗೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ನೀರು ಕುಡಿಯುವುದಕ್ಕೂ ಬಿಡದೆ, ಹಿತ್ತಲಿಂದ ಮರಳಿನ ಚೀಲವನ್ನು ನಡುಮನೆಗೆ ಎಳೆದು ತಂದೆ.

"ನೋಡು. ನಿಮ್ಮವ್ವನ ತೂಕ. ಬೇಕಿದ್ರೆ ತಕ್ಕಡಿಗೆ ಹಾಕು," ಎಂದು ಒಂದೇ ಉಸಿರಿಗೆ ಎತ್ತಿ ಎದೆಗಪ್ಪಿ ನಿಂತೆ.

ಬಾಗಿಲಲ್ಲಿ ಚಪ್ಪಾಳೆ ಕೇಳಿತು. ಜಂಪಣ್ಣ, ಗಾದ್ರಮ್ಮ ಬಂದು ನಿಂತಿದ್ದರು. ಮಗಳು ಮಾತ್ರ ಚಪ್ಪಾಳೆ ತಟ್ಟಲಿಲ್ಲ.

"ಚೀಲ ಎತ್ತಿದೆ ಅಪ್ಪ. ಚೀಲಕ್ಕೆ ನೋವಾಗಲ್ಲ. ಅವ್ವ ಸೊಂಟ ಮುರ್ಕಂಡು ಬಿದ್ದಿದ್ರೆ, ಹಿಂಗೆ ಬಾಚಿ ತಬ್ಕಂತೀಯ?"

ಚೀಲವನ್ನು ನೆಲಕ್ಕೆ ಹಾಕಿದೆ. ಬಾಯಿ ತೆರೆಯುವಷ್ಟರಲ್ಲಿ ಗಿಡ್ಡಿ ಅಡುಗೆಮನೆಯಿಂದ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಡುಮನೆಯ ನೆಲದ ಮೇಲೆ ಕೂತು, ಹಾಗೇ ಉದ್ದಕ್ಕೆ ಮಲಗಿಬಿಟ್ಟಳು.

"ಅವ್ವಾ! ಏನಾಯ್ತು?"

"ಏನೂ ಆಗಿಲ್ಲ. ಯಾರೂ ಮುಟ್ಬ್ಯಾಡ್ರಿ ನನ್ನ. ಆ ಕುರ್ಚಿ ಇತ್ಲಾಗೆ ತಳ್ಳು."

ಹೊರಳಿದಳು. ಮೊಣಕೈ ಊರಿದಳು. ಬಳೆ ನೆಲಕ್ಕೆ ತಾಗಿ ಸದ್ದಾಯಿತು. ಅಂಗೈ ಊರಿ, ಒಂದು ಕ್ಷಣ ಉಸಿರು ತೆಗೆದುಕೊಂಡಳು. ನನ್ನ ಎರಡೂ ಕೈ ಮುಂದಕ್ಕೆ ಹೋಗಿದ್ದವು. ಸಂಘಮಿತ್ರಾ ಹೇಳಿದ್ದು ನೆನಪಾಗಿ ಅವನ್ನು ಹಿಂದಕ್ಕೆ ಕಟ್ಟಿಕೊಂಡೆ. ಜೀವಮಾನದಲ್ಲಿ ಹೊತ್ತ ಯಾವ ಭಾರಕ್ಕೂ ಅಷ್ಟು ಬೆವರಿರಲಿಲ್ಲ. ಅವಳು ಅಂಬೆಗಾಲಿಗೆ ಬಂದಳು. ಒಂದು ಪಾದ ಮುಂದಿಟ್ಟಳು, ಅದು ಜಾರಿತು, ಲಕ್ಷ್ಮೀ ಅಯ್ಯೋ ಎಂದಳು, ಇವಳು ಮತ್ತೆ ಇಟ್ಟಳು. ಕುರ್ಚಿಯ ಅಂಚು ಹಿಡಿದು, ಮೂಗಿನಲ್ಲಿ ಉಸಿರು ಬಿಡುತ್ತ, ಎದ್ದು ನಿಂತಳು. ಕೂದಲು ಸರಿಮಾಡಿಕೊಂಡಳು.

"ಅನ್ನಕ್ಕೆ ಇಡ್ತೀನಿ, ಉಂಡು ಹೋಗು," ಎಂದಳು ಮಗಳಿಗೆ.

ಲಕ್ಷ್ಮೀ ಕಣ್ಣೊರೆಸಿಕೊಂಡಳು. ಖಾಲಿ ಬ್ಯಾಗನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಗೆದ್ದೆವು ಎಂದು ನಾನು ಜಂಪಣ್ಣನ ಕಡೆ ತಿರುಗುವಷ್ಟರಲ್ಲಿ ಆ ಕತ್ತರಿ ಬಾಯಿ ಮತ್ತೆ ತೆರೆಯಿತು.

"ಅವ್ವ ಎದ್ಲು, ಸರಿ. ಅಪ್ಪಾ, ನೀನು ಬಿದ್ರೆ?"

"ನಾನ್ಯಾಕೆ ಬೀಳ್ತೀನಿ?"

"ಅವ್ವನೂ ಹಂಗೇ ಅಂದ್ಕಂಡಿದ್ಲು. ನೀನು ಬಿದ್ರೆ ಅವ್ವ ಸುಮ್ನೆ ನೋಡ್ತಾ ನಿಲ್ತಾಳಾ? ನಿನ್ನ ಎತ್ತಾಕೆ ಹೋಗಿ ನಡು ಮುರ್ಕಂತಾಳೆ. ಅದ್ನ ನೋಡಾಕೆ ನನಗೆ ಆಗಲ್ಲ. ನೀನೂ ಎದ್ದು ತೋರಿಸು, ನಾನು ಈ ಮಾತು ಇಲ್ಲಿಗೇ ಬಿಡ್ತೀನಿ."

ಇದನ್ನು ನಾನು ಯೋಚಿಸಿರಲಿಲ್ಲ. ಸತ್ಯವಾಗಿಯೂ ಯೋಚಿಸಿರಲಿಲ್ಲ! ಮಂಚದ ಮೇಲೆ ಮಲಗಿ ಕುರ್ಚಿಯ ಮೇಲೆ ಕೂತು ಎಷ್ಟು ವರ್ಷವಾಗಿತ್ತೋ, ನೆಲ ಎಂಬುದೊಂದು ನನಗೂ ಇದೆ ಎನ್ನುವುದೇ ಮರೆತಿತ್ತು.

"ಇಷ್ಟೇನಾ?" ಎಂದು ಸಿಟ್ಟಿನಲ್ಲಿ ಕೂತು, ಅದೇ ಸಿಟ್ಟಿನಲ್ಲಿ ಅಂಗಾತ ಮಲಗಿದೆ. ನೆಲ ತಣ್ಣಗಿತ್ತು. ಚಾವಣಿಯ ಶೀಟಿನಲ್ಲೊಂದು ಜೇಡ ಓಡುತ್ತಿತ್ತು. ಏಳೋಣ ಎಂದು ಕತ್ತೆತ್ತಿದೆ, ಹೊಟ್ಟೆ ಬಿಗಿಯಿತು, ಬೆನ್ನು ಮೇಲೆ ಬರಲಿಲ್ಲ. ಕಾಲು ಝಾಡಿಸಿದೆ. ಬರಲಿಲ್ಲ. ಮಗ್ಗುಲಾದೆ, ಕೈ ಊರಿ ಹೇಗೋ ಎದ್ದು ಕೂತೆ. ಕೂತಲ್ಲಿಂದ ಕುಂಡಿ ಎತ್ತಲು ನೋಡಿದೆ, ಹಿಂದಕ್ಕೆ ಬಿದ್ದೆ. ಬೆನ್ನ ಮೇಲೆ ಮೂರು ಊರಿನ ಸುಗ್ಗಿ ಹೊತ್ತವನು ನನ್ನ ಮನೆಯ ನಡುಮನೆಯಲ್ಲಿ ಮಗುಚಿ ಬಿದ್ದ ಆಮೆಯಾಗಿದ್ದೆ.

"ಅಪ್ಪಾ, ಮೊಣಕಾಲು ಊರು," ಎಂದಳು ಲಕ್ಷ್ಮೀ.

"ಊರಲ್ಲ."

"ಲೇ ಓಬ, ಊರೋ ಮಾರಾಯ."

"ನೀನು ಸುಮ್ಕಿರು, ಕಪ್ಪೆ!"

ಯಾರೂ ಹತ್ತಿರ ಬರಲಿಲ್ಲ. ನನಗೆ ಅಳು ಬರುವಂತಾಗಿ, ಅದು ಕಾಣಬಾರದೆಂದು ಗೋಡೆಯ ಕಡೆ ತಿರುಗಿದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ನನ್ನ ಮೀಸೆ, ಮೂಗು, ಎಲ್ಲ ನೆಲದಲ್ಲೇ ಇತ್ತು. ಹಿಂದಿನಿಂದ ಬಳೆ ಸದ್ದು ಕೇಳಿತು. ತಿರುಗಿ ನೋಡಿದರೆ ಗಿಡ್ಡಿ ಕುರ್ಚಿ ಹಿಡಿದುಕೊಂಡು ಮತ್ತೆ ಕೆಳಗೆ ಇಳಿಯುತ್ತಿದ್ದಾಳೆ. ಈಗಷ್ಟೇ ಅಷ್ಟು ಕಷ್ಟಪಟ್ಟು ಎದ್ದವಳು!

"ನೀನ್ಯಾಕೆ ಬಂದೆ?" ಎಂದೆ.

"ನೀವು ಇಲ್ಲೇ ಇರ್ತೀರ ಅಂದ್ರೆ ನಾನೂ ಇಲ್ಲೇ ಇರ್ತೀನಿ." ನನ್ನ ಪಕ್ಕಕ್ಕೆ ಬಂದು ಅಂಬೆಗಾಲಿನಲ್ಲಿ ನಿಂತಳು. ದನಿ ತಗ್ಗಿಸಿದಳು. "ಬೆನ್ನ ಮ್ಯಾಲೆ ಚೀಲ ಇಲ್ಲ ಈಗ. ನೋಡ್ಕಳ್ರಿ, ಏನೂ ಇಲ್ಲ. ಊರ್ರಿ."

ಹೊರಳಿದೆ. ಮೊಣಕೈ ಊರಿದೆ. ಅಂಗೈ ಊರಿದೆ. ಆಮೇಲೆ, ಜಂಪಣ್ಣ ಕಣ್ಣರಳಿಸಿ ನೋಡುತ್ತಿದ್ದಂತೆಯೇ, ಬಲ ಮೊಣಕಾಲನ್ನು ನೆಲಕ್ಕೆ ಊರಿದೆ. ನಾನು ಅಂದುಕೊಂಡಷ್ಟು ನೋವಾಗಲಿಲ್ಲ. ಎಡ ಪಾದ ಮುಂದಿಟ್ಟೆ. ಇಷ್ಟು ದಿನ ಚೀಲ ಎತ್ತಿ ಗಟ್ಟಿಯಾಗಿದ್ದ ತೊಡೆ ಈಗ ನನ್ನನ್ನೇ ಎತ್ತಿತು. ಕುರ್ಚಿಯ ಒಂದು ಅಂಚು ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವಳು ನನಗಿಂತ ಸ್ವಲ್ಪ ಮೊದಲು ಎದ್ದಳು.

ಲಕ್ಷ್ಮೀ ಬ್ಯಾಗನ್ನು ಗೂಟಕ್ಕೆ ನೇತುಹಾಕಿ, ಅಕ್ಕಿ ತೊಳೆಯಲು ಒಳಗೆ ಹೋದಳು. ಜಂಪಣ್ಣ ಬಾಗಿಲ ಚೌಕಟ್ಟಿಗೆ ಒರಗಿ, ತುಟಿಯಂಚಿನಲ್ಲಿ ನಗು ಹಿಡಿದುಕೊಂಡು ಕಾಯುತ್ತಿದ್ದ. ಎಷ್ಟು ವರ್ಷದಿಂದ ಕಾಯುತ್ತಿದ್ದನೋ, ಬಡ್ಡಿಮಗ!

"ಏನ್ ನೋಡ್ತೀಯ?" ಎಂದೆ. "ಅಂಗಡಿಗೆ ಹೋಗಿ ಹೇಳು. ಎಲ್ರಿಗೂ ಟೀ, ನನ್ನ ಲೆಕ್ಕದಾಗೆ. ಕೆಂಚೇಶನ್ನೂ ಕರಿ."